ಏಕಸಂಬಿಯಲ್ಲಿ ರಕ್ತ ತೆಗೆದ ರವಿವಾರ

ಆಗ ನನಗೆ ಅರವತ್ತೆರಡು ವರ್ಷ. ಈಗ್ಗೆ ಐದು ವರ್ಷದ ಹಿಂದಿನ ಮಾತು. ಚಿಕ್ಕೋಡಿಯ ಒಂದು ಖಾಸಗಿ ಮನೋರೋಗದ ದವಾಖಾನೆಯಲ್ಲಿ ನಾನು ಆಯಾ. ಹೆಸರು ಬಾಳವ್ವ, ತವರು ಅಕ್ಕೋಳ, ಓದು ಮೂರನೇ ಇಯತ್ತೆ. ನನ್ನ ಬಗ್ಗೆ ಇಷ್ಟು ಸಾಕು. ಕಸಬರಿಗೆಯಿಂದ ಶುರು ಮಾಡಿ ಎಲ್ಲಿಗೆ ಮುಟ್ಟಿದೆ, ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯುವುದಿಲ್ಲ. ಇಂಥ ದವಾಖಾನೆಗಳಿಗೆ ಈಗ ಹೊಸ ಹುಡುಗಿಯರು ಕೊರಳಿಗೆ ಕಾರ್ಡು ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದಾರೆ. ಅವರಿಗೆ ಒಳಗಿನದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ನನ್ನ ಸಿಟ್ಟು ಇನ್ನೂ ಆರಿಲ್ಲ. ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಮ್ಮಲ್ಲಿ ಹೆಚ್ಚಾಗಿ ಬರುತ್ತಿದ್ದದ್ದು ಬೈಪೋಲಾರ್ ಎಂಬ ಕಾಯಿಲೆಯವರು. ನಾವು ಆಯಾಗಳು ಅದಕ್ಕೆ ಏರಿಳಿತದ ಬ್ಯಾನಿ ಎನ್ನುತ್ತಿದ್ದೆವು. ಏರಿದಾಗ ಮನುಷ್ಯ ಮಲಗುವುದಿಲ್ಲ, ಮಾತು ನಿಲ್ಲಿಸುವುದಿಲ್ಲ, ಊರನ್ನೇ ಕೊಂಡುಕೊಳ್ಳುತ್ತೇನೆ ಎನ್ನುತ್ತಾನೆ. ಇಳಿದಾಗ ಅದೇ ಮನುಷ್ಯ ಹಾಸಿಗೆ ಬಿಟ್ಟು ಏಳುವುದಿಲ್ಲ, ತುತ್ತು ಮಾಡಿ ಬಾಯಿಗೆ ಇಟ್ಟರೂ ನುಂಗುವುದಿಲ್ಲ. ನಡುವೆ ತಿಂಗಳುಗಟ್ಟಲೆ ನಮ್ಮ ನಿಮ್ಮಂತೆ ನೆಟ್ಟಗೆ ಇರುತ್ತಾನೆ. ಇದಕ್ಕೆ ಲಿಥಿಯಂ ಎಂಬ ಗುಳಿಗೆ ಇದೆ. ಬಹಳ ಜನರಿಗೆ ಹಿಡಿಯುತ್ತದೆ. ಹೆಚ್ಚಾದರೆ ವಿಷ, ಕಡಿಮೆಯಾದರೆ ಉಪಯೋಗವಿಲ್ಲ. ಅದಕ್ಕೇ ಆಗಾಗ ರಕ್ತ ತೆಗೆದು ನೋಡುತ್ತಿರಬೇಕು. ತಾವಾಗಿ ಗುಳಿಗೆ ಬಿಡಬಾರದು. ಇದಿಷ್ಟನ್ನು ತಲೆಯಲ್ಲಿ ಇಟ್ಟುಕೊಳ್ಳಿರಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ನಮ್ಮ ಡಾಕ್ಟರ್ ಸಾಹೇಬರಿಗೆ ಹೊರದೇಶದ ದೊಡ್ಡ ಕೇಂದ್ರಗಳ ಗೆಳೆತನವಾಯಿತು. ಈ ಒಂದೇ ಕಾಯಿಲೆಯನ್ನು ಅಭ್ಯಾಸ ಮಾಡುವ ನಾಲ್ಕು ದೇಶಗಳ ಆಸ್ಪತ್ರೆಗಳು ಕೂಡಿ ಒಂದು ಪ್ರಾಜೆಕ್ಟ್ ಹಾಕಿದ್ದವು. ಎಲ್ಲ ದೇಶದಲ್ಲೂ ಅವೇ ಪ್ರಶ್ನೆ, ರಕ್ತ ತುಂಬುವ ಅವೇ ನಳಿಗೆ, ಕೈಗೆ ಕಟ್ಟುವ ಅದೇ ಗಡಿಯಾರ. ನಮ್ಮ ಕಡೆ ಮನೆತನಗಳು ದೊಡ್ಡವು, ಜನ ಊರು ಬಿಟ್ಟು ಹೋಗಿಲ್ಲ, ಸೋದರಿಕೆಯಲ್ಲೇ ಲಗ್ನ. ಒಂದೇ ಮನೆತನದಲ್ಲಿ ಮೂವರು ನಾಲ್ವರಿಗೆ ಕಾಯಿಲೆ ಇದ್ದರೆ ಅವರೆಲ್ಲರ ರಕ್ತ ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಹೊರದೇಶಕ್ಕೆ ಕಳಿಸಬೇಕು. ಕಾಯಿಲೆ ರಕ್ತದಲ್ಲಿ ಹೇಗೆ ಇಳಿಯುತ್ತದೆಂದು ಅವರು ಅಲ್ಲಿ ಹುಡುಕುತ್ತಾರೆ. ಒಳ್ಳೆಯ ಕೆಲಸವೇ. ನಾನು ಇಲ್ಲ ಎನ್ನುವುದಿಲ್ಲ.

ಪ್ರಾಜೆಕ್ಟ್ ಬಂದ ಮೇಲೆ ಸಾಹೇಬರು ದವಾಖಾನೆಯ ಗುಳಿಗೆ ಕೊಡುವ ಹಳೆಯ ಕಿಟಕಿಯನ್ನು ಮುಚ್ಚಿಸಿದರು. ಎರಡೆರಡು ಕಡೆ ಯಾಕೆ ಎಂದರು. ಗುಳಿಗೆ, ರಕ್ತ ಪರೀಕ್ಷೆ, ತಪಾಸಣೆ ಎಲ್ಲವೂ ಪ್ರಾಜೆಕ್ಟಿನ ಕೋಣೆಯಿಂದಲೇ ಆಗತೊಡಗಿದವು, ಅದೂ ಪುಕ್ಕಟೆ. ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ.

ಪ್ರಾಜೆಕ್ಟಿನ ಕೆಲಸ ನೋಡಿಕೊಳ್ಳಲು ಮೇಘಾ ಎಂಬ ಹುಡುಗಿ ಬಂದಳು. ಮೈಸೂರು ಕಡೆಯವಳು, ಕಲಿತವಳು, ಕೆಟ್ಟವಳಲ್ಲ. ಅವಳು ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಪ್ರಶ್ನೆ ಎಲ್ಲೋ ಹುಟ್ಟಿದವು, ಎಲ್ಲೋ ಕನ್ನಡವಾದವು. ಸತ್ತಿ ಎಂಬ ಊರಿನ ಒಬ್ಬ ರೈತನಿಗೆ ಅವಳು ಕೇಳಿದಳು, ಕಳೆದ ವಾರ ನಿಮಗೆ ಎಂದಿಗಿಂತ ಹೆಚ್ಚು ಖುಷಿಯಾಗಿತ್ತೇ ಎಂದು.

"ಆಗಿತ್ರಿ. ಮಗಳು ಹಡದಾಳ."

"ಎಷ್ಟು ಖುಷಿ ಆಯ್ತು? ಸೊನ್ನೆಯಿಂದ ನಾಲ್ಕರೊಳಗೆ ಒಂದು ಅಂಕಿ ಹೇಳಿ."

ಆತ ಬೆರಳು ಮಡಚಿ ಎಣಿಸಿದ. "ಅವಳಿ ಹಡದಾಳ್ರಿ. ಎರಡು ಬರ್ಕೋರಿ."

ಅವಳು ಎರಡು ಎಂದೇ ಬರೆದಳು. ಹೊರದೇಶದವರು ಅದನ್ನು ಓದಿ ಸತ್ತಿಯ ಮನುಷ್ಯನ ಮನಸ್ಸಿನ ಬಗ್ಗೆ ಏನು ತಿಳಿದುಕೊಂಡರೋ ನನಗೆ ಗೊತ್ತಿಲ್ಲ.

ಗಡಿಯಾರದ್ದು ಇನ್ನೊಂದು ಕಥೆ. ಅದರಲ್ಲಿ ಮುಳ್ಳಿಲ್ಲ, ಅಂಕಿಯಿಲ್ಲ. ಕಟ್ಟಿಕೊಂಡವರು ಎಷ್ಟು ಹೊತ್ತು ಮಲಗಿದರು, ಎಷ್ಟು ಓಡಾಡಿದರು ಎಂಬುದು ಫೋನಿನ ಮೂಲಕ ಹೊರದೇಶಕ್ಕೆ ಹೋಗುತ್ತಿತ್ತು. ಒಂದು ದಿನ ಅಲ್ಲಿಂದ ಗಾಬರಿಯ ಫೋನು ಬಂತು. ರಾಯಬಾಗದ ಒಬ್ಬ ಹೆಣ್ಣುಮಗಳು ವಾರದಿಂದ ಮಿಸುಕಾಡಿಲ್ಲ, ಕೂಡಲೇ ಹೋಗಿ ನೋಡಿರಿ ಎಂದು. ಸಾಹೇಬರು ತಕ್ಷಣ ಜೀಪು ಕಳಿಸಿದರು. ನಾನು, ಮೇಘಾ ಜೀವ ಕೈಯಲ್ಲಿ ಹಿಡಿದುಕೊಂಡು ಹೋದೆವು. ಆ ಹೆಣ್ಣುಮಗಳು ಎಮ್ಮೆಗೆ ಮೇವು ಕಡಿಯುತ್ತ ನಿಂತಿದ್ದಳು.

"ಗಡಿಯಾರ ಎಲ್ಲೈತಿ ತಂಗೀ?" ಎಂದೆ.

"ಟ್ರಂಕಿನ್ಯಾಗ ಐತ್ರೀ. ಪರದೇಶದ ಸಾಮಾನು, ಶಗಣಿ ಹತ್ತಿ ಹೊಲಸ ಆಗಬಾರ್ದಂತ ಲಗ್ನದ ಸೀರ್‍ಯಾಗ ಸುತ್ತಿ ಇಟ್ಟೀನಿ."

ನಕ್ಕೆವು. ಆದರೆ ಒಂದು ಮಾತು ನೆನಪಿಡಿರಿ. ಗಡಿಯಾರ ಮಿಸುಕಲಿಲ್ಲವೆಂದು ಅವತ್ತು ಗಳಿಗೆಯೊಳಗೆ ಜೀಪು ಹೊರಟಿತ್ತು.

ಈಗ ಸುನಂದಾಳ ವಿಷಯಕ್ಕೆ ಬರುತ್ತೇನೆ. ಏಕಸಂಬಿಯವಳು, ನಲವತ್ತರ ಆಚೆಈಚೆ. ಲಗ್ನವಾದ ಮೇಲೆ ಮೊದಲ ಸಲ ಏರಿದಾಗಲೇ ಗಂಡನ ಮನೆಯವರು ತಂದು ತವರಿಗೆ ಬಿಟ್ಟು ಹೋದರು. ಅಣ್ಣ ಅಪ್ಪಾಸಾಹೇಬ ಇಟ್ಟುಕೊಂಡ. ಬಾಯಿ ಒರಟು, ಆದರೆ ತಂಗಿಗೆ ಒಂದು ದಿನ ಅನ್ನ ಹಾಕಿದ್ದನ್ನು ಎತ್ತಿ ಆಡಿದವನಲ್ಲ. ಅವರ ಅಜ್ಜನಿಗೂ ಇದೇ ಕಾಯಿಲೆ ಇತ್ತಂತೆ. ಚಿಕ್ಕಪ್ಪನಿಗೂ ಇತ್ತು. ಆತ ಇಳಿದಿದ್ದಾಗ ಕಾಲುವೆಗೆ ಬಿದ್ದು ಸತ್ತ. ಸುನಂದಾ ಗುಳಿಗೆ ಹಿಡಿದ ಮೇಲೆ ವರ್ಷಗಟ್ಟಲೆ ನೆಟ್ಟಗಿದ್ದಳು. ಮನೆಯ ಹೈನು ಪೂರ್ತಿ ಅವಳ ಕೈಯಲ್ಲಿ. ರಕ್ತ ಕೊಡಲು ಬಂದಾಗಲೆಲ್ಲ ನನಗೆ ಸೀಸೆಯಲ್ಲಿ ಮಜ್ಜಿಗೆ ತರುತ್ತಿದ್ದಳು.

"ನಿಮ್ಮ ದವಾಖಾನಿ ಚಹಾ ಎಮ್ಮಿ ಮಾರಿ ಕಂಡಿಲ್ಲಕ್ಕ. ಇದನ್ನ ಕುಡಿ," ಎನ್ನುತ್ತಿದ್ದಳು.

ಆ ವರ್ಷ ಹೊರದೇಶದ ಕೇಂದ್ರದಿಂದ ಒಬ್ಬ ಹೆಣ್ಣು ಡಾಕ್ಟರ್ ಬಂದರು, ನಾವು ಬಾಯಾರು ಎಂದು ಕರೆಯುತ್ತಿದ್ದೆವು. ಎತ್ತರದ ಹೆಂಗಸು, ಕೆಂಪು ಕೂದಲು. ಕಂಡವರಿಗೆಲ್ಲ ಕೈ ಮುಗಿಯುತ್ತಿದ್ದರು, ನನಗೂ ಮುಗಿದರು. ಅವರಿಗೆ ಬಿಡುವಿದ್ದದ್ದು ಒಂದೇ ರವಿವಾರ. ಸುನಂದಾಳ ಬಳಗದವರೆಲ್ಲರ ರಕ್ತ ಆ ದಿನವೇ ಆಗಬೇಕು. ಮೇಘಾ ಏಕಸಂಬಿಗೆ ಫೋನು ಮಾಡಿದಳು. ಎತ್ತಿದವಳು ಅಪ್ಪಾಸಾಹೇಬನ ಹೆಂಡತಿ ಶೈಲಾ. ರವಿವಾರ ಬರುತ್ತೇವೆ, ಬಳಗದವರು ಇರುತ್ತಾರಾ ಎಂದದ್ದಕ್ಕೆ, "ಹೌದ್ರಿ, ಅವತ್ತ ಎಲ್ಲಾರೂ ಇರ್ತಾರ. ಬರ್ರಿ," ಎಂದಳು.

ಹೋದೆವು. ಬಾಯಾರು, ಮೇಘಾ, ಒಬ್ಬ ನರ್ಸು, ನಾನು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಹತ್ತು ಹದಿನೈದು ಮಂದಿ ಕೂತಿದ್ದರು. ನಮ್ಮನ್ನೂ ಅದೇ ಜಮಖಾನೆಯ ಮೇಲೆ ಕೂರಿಸಿದರು. ಅಪ್ಪಾಸಾಹೇಬ ಎಲೆಅಡಿಕೆ, ಬಾಳೆಹಣ್ಣು ತರಲು ಪೇಟೆಗೆ ಹೋಗಿದ್ದ. ನಾನು ಎಂದಿನಂತೆ ಅಡುಗೆಮನೆಗೆ ಹೋದೆ. ಶೈಲಾ ಬೆವರು ಒರೆಸಿಕೊಳ್ಳುತ್ತ ಅವಲಕ್ಕಿ ಹಚ್ಚುತ್ತಿದ್ದಳು.

"ಇಷ್ಟೊಂದು ಮಂದಿ ಯಾರ ಶೈಲಾ?"

"ನಮ್ಮ ಮಗಳು ಪಲ್ಲವಿನ್ನ ನೋಡಾಕ ಬಂದಾರಕ್ಕ. ಕಾಗವಾಡ ಕಡ್ಯಾವ್ರು, ದ್ರಾಕ್ಷಿ ತ್ವಾಟದ ಮಂದಿ."

"ಮತ್ತ ನಮಗ್ಯಾಕ ಬರ್ರಿ ಅಂದಿ?"

"ಮನಿಗೆ ಬರ್ತೀವಿ ಅಂದವ್ರಿಗೆ ಬ್ಯಾಡಂತ ಹೆಂಗ ಅನ್ನೂದಕ್ಕ?"

ಅವಳನ್ನು ಬೈಯಬೇಡಿರಿ. ನಮ್ಮ ಕಡೆ ಆ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಬರುತ್ತೇನೆ ಎಂದವರಿಗೆ ಬನ್ನಿ ಎನ್ನುತ್ತೇವೆ, ಬಂದವರನ್ನು ಒಂದೇ ಜಮಖಾನೆಯ ಮೇಲೆ ಕೂರಿಸುತ್ತೇವೆ, ಯಾರು ಯಾಕೆ ಬಂದರೆಂದು ಚಹಾ ಆಗುವ ತನಕ ಕೇಳುವುದಿಲ್ಲ.

ನಾನು ಹೊರಗೆ ಓಡಿ ಬಂದೆ. ಅಷ್ಟರಲ್ಲಿ ವರನ ಸೋದರಮಾವ ಅಂಗಿಯ ತೋಳು ಮಡಚಿ ಕೈಯನ್ನು ನರ್ಸಿನ ಮುಂದೆ ಚಾಚಿದ್ದ. "ಸಕ್ರಿ ನೋಡ್ತೀರಲ್ಲರಿ? ನಂದೂ ನೋಡಿಬಿಡ್ರಿ," ಎಂದಿದ್ದ. ಸಹಿ ಮಾಡು ಎಂದಲ್ಲಿ ಮಾಡಿದ್ದ, ನಳಿಗೆ ತುಂಬ ರಕ್ತವನ್ನೂ ಕೊಟ್ಟಿದ್ದ. ಬಾಯಾರು ಎದ್ದು ನಿಂತು, ಕೈ ಮುಗಿದು, ಮಾತು ಶುರು ಮಾಡಿದ್ದರು. ಮೇಘಾ ಅದನ್ನು ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು.

"ಒಂದೇ ಮನೆತನದಲ್ಲಿ ಇಷ್ಟು ಜನಕ್ಕೆ ಈ ಮನಸ್ಸಿನ ಕಾಯಿಲೆ ಇರೋದು ಅಪರೂಪ. ನಿಮ್ಮ ಮನೆತನ ನಮಗೆ ಬಹಳ ಅಮೂಲ್ಯ. ನಿಮಗೆಲ್ಲ ನಾವು ಋಣಿಗಳು."

ಬಿಳಿ ಟೊಪ್ಪಿಗೆಯ ಹಿರಿಯ, ವರನ ತಂದೆ, ಚಹಾದ ಬಟ್ಟಲನ್ನು ಕೆಳಗಿಟ್ಟ. "ಯಾವ ಬ್ಯಾನಿ ತಂಗೀ?" ಎಂದು ಕೇಳಿದ.

ಮೇಘಾ ಆತನನ್ನು ಮನೆಯ ಹಿರಿಯನೆಂದುಕೊಂಡು ಎಲ್ಲವನ್ನೂ ಚೆನ್ನಾಗಿ ಬಿಡಿಸಿ ಹೇಳಿದಳು. ಸುನಂದಾಳದು, ಅಜ್ಜನದು, ಕಾಲುವೆಯ ಚಿಕ್ಕಪ್ಪನದು. ನಾನು ಅವಳ ಸೆರಗು ಜಗ್ಗಿದೆ. ಮಧ್ಯೆ ಬಾಯಿ ಹಾಕಬೇಡ ಎನ್ನುವಂತೆ ಕೈ ಸರಿಸಿದಳು.

"ಹಂಗಾರ ಈ ಮನಿ ಹುಡುಗೂರಿಗೂ ಬರಬಹುದೇನು?"

ಮೇಘಾ ಬಾಯಾರನ್ನು ಕೇಳಿ ಹೇಳಿದಳು. ಬರಬಹುದು, ಬಾರದೆಯೂ ಇರಬಹುದು. ನಮಗೆ ಇನ್ನೂ ತಿಳಿದಿಲ್ಲ. ತಿಳಿಯಲೆಂದೇ ನಿಮ್ಮ ರಕ್ತ ಬೇಕು.

ಬಾಯಾರು ಸುಳ್ಳು ಹೇಳಲಿಲ್ಲ. ಸತ್ಯವನ್ನೇ ಹೇಳಿದರು, ಹೇಳಬಾರದ ಮನುಷ್ಯನಿಗೆ.

ಹಿರಿಯ ಎದ್ದ. "ಚಹಾ ಛಲೋ ಆಗಿತ್ತು. ಬರ್ತೀವಿ," ಎಂದ. ಸೋದರಮಾವ ತೋಳಿಗೆ ಹತ್ತಿ ಒತ್ತಿಕೊಂಡೇ ಹಿಂದೆ ಹೋದ. ಒಲ್ಲೆವು ಎಂದು ಯಾರೂ ಅನ್ನಲಿಲ್ಲ. ಆ ಮಾತನ್ನೂ ನಮ್ಮಲ್ಲಿ ಬಾಯಿಬಿಟ್ಟು ಅನ್ನುವುದಿಲ್ಲ. ಜಮಖಾನೆ ಅರ್ಧ ಖಾಲಿಯಾಯಿತು. ಹಿತ್ತಲ ಬಾಗಿಲಲ್ಲಿ ಸುನಂದಾ ಹಾಲಿನ ಚರಗಿ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು.

"ವೈನಿ, ಹಾಲು ಎಲ್ಲಿಡ್ಲಿ?" ಎಂದಳು. ಅತ್ತಿಗೆ ಶೈಲಾ ಚರಗಿಯನ್ನು ಇಸಿದುಕೊಂಡು ಒಳಗೆ ಹೋದಳು.

ಜೀಪಿನಲ್ಲಿ ನಾನು ನಡೆದದ್ದು ಏನೆಂದು ಹೇಳಿದೆ. ಮೇಘಾ ಅತ್ತಳು. ಬಾಯಾರು ಅವಳಿಂದ ಕೇಳಿ ತಿಳಿದು ಕಿಟಕಿಯ ಕಡೆ ಮುಖ ಮಾಡಿದರು, ಚಿಕ್ಕೋಡಿ ಬರುವ ತನಕ ಈಚೆ ತಿರುಗಲಿಲ್ಲ. ಕಾಗವಾಡದ ಮಾವನ ರಕ್ತವನ್ನು ಚೆಲ್ಲಿದರು ಎಂದು ಆಮೇಲೆ ಕೇಳಿದೆ. ರಕ್ತವನ್ನೇನೋ ಚೆಲ್ಲಬಹುದು. ಆಡಿದ ಮಾತನ್ನು ಎಲ್ಲಿ ಚೆಲ್ಲುತ್ತಾರೆ?

ಬಾಯಾರು ತಮ್ಮ ದೇಶಕ್ಕೆ ಹೋದ ಮೇಲೆ ಅಪ್ಪಾಸಾಹೇಬ ದವಾಖಾನೆಗೆ ಬಂದ. ಮೋಟರ್ ಸೈಕಲ್ ನಿಲ್ಲಿಸಿದ ಸಪ್ಪಳದಲ್ಲೇ ಅವನ ಸಿಟ್ಟು ತಿಳಿಯಿತು.

"ನನ್ನ ಮಗಳ ಕೂಡಿದ ಲಗ್ನಾ ಮುರದ್ರಿ. ನಾವೇನ ನಿಮ್ಮ ಅಭ್ಯಾಸದ ಸಾಮಾನೇನ್ರಿ?"

ಸಾಹೇಬರು ಮೇಜಿನ ಹಿಂದಿನಿಂದ ಏಳಲಿಲ್ಲ. "ತಪ್ಪಾತು ಅಪ್ಪಾಸಾಹೇಬ್ರ. ನಿಮಗ ಬ್ಯಾಡ ಅನಿಸಿದ್ರ ಪ್ರಾಜೆಕ್ಟಿನಿಂದ ಹೊರಗ ಹೋಗೂ ಹಕ್ಕು ನಿಮಗ ಐತಿ," ಎಂದರು.

"ಹಕ್ಕ ನೀವ ಇಟ್ಕೋರಿ. ನಮ್ಮ ಹೆಸರು ತಗೀರಿ, ಸಾಕು."

ತೆಗೆದರು. ರಕ್ತದ ಉಸಾಬರಿ ಮುಗಿಯಿತು ಎಂದು ಅವನು ತಿಳಿದ. ತಂಗಿಯ ಗುಳಿಗೆಯೂ ಆ ಹೆಸರಿನ ಜೊತೆಗೇ ಹೋಯಿತೆಂದು ಯಾರೂ ಅವನಿಗೆ ಹೇಳಲಿಲ್ಲ. ಗುಳಿಗೆಯ ದಿನ ಬಂದಾಗ ಸುನಂದಾ ಬರಲಿಲ್ಲ. ನಾನು ಮೇಘಾಳನ್ನು ಕೇಳಿದೆ.

"ಅವರು ಹೊರಗೆ ಹೋದ್ರಲ್ಲಾ ಬಾಳವ್ವ. ಈ ಗುಳಿಗೆ ಪ್ರಾಜೆಕ್ಟಲ್ಲಿ ಇರೋರಿಗೆ ಮಾತ್ರ. ಹೊರಗೆ ಹೋದೋರ ಮನೆಗೆ ನಾವ್ಯಾರೂ ಹೋಗಬಾರದು, ಫೋನೂ ಮಾಡಬಾರದು. ನಿಯಮ ಇದೆ."

ಸಾಹೇಬರ ಹತ್ತಿರ ಹೋದೆ. "ಮೆಡಿಕಲ್ ಅಂಗಡ್ಯಾಗ ಸಿಗತಾವ. ತಗೋತಾರ ಬಿಡು," ಎಂದರು.

"ತಗೋಬೇಕಂತ ಅವ್ರಿಗೆ ಹೇಳಿದವ್ರು ಯಾರ್ರಿ?"

"ಹೇಳಾಕ ಹೋದ್ರ ನಿಯಮಾ ಮುರದಂಗ ಆಗತೈತಿ ಬಾಳವ್ವ."

ಮನೆಗೆ ಬಂದು ಆಳಿನಿಂದ ಅಜ್ಜಿಯ ತನಕ ಎಲ್ಲರ ತೋಳು ಕೇಳುವಾಗ ಈ ನಿಯಮ ಎಲ್ಲಿ ಮಲಗಿತ್ತು?

ಸ್ವಲ್ಪ ದಿನದ ಮೇಲೆ ಏಕಸಂಬಿಯಿಂದ ಹಾಲಿನ ಗಾಡಿ ತರುವವನು ನನ್ನನ್ನು ದಾರಿಯಲ್ಲಿ ನಿಲ್ಲಿಸಿದ. "ಬಾಳಕ್ಕ, ನಿಮ್ಮ ಸುನಂದಾ ಊರ ತುಂಬ ಅಕ್ಷತಿ ಹಂಚಾಕತ್ತಾಳ. ಪಲ್ಲವಿ ಲಗ್ನ ಐತಿ, ಬರ್ರಿ ಅಂತಾಳ. ಯಾವತ್ತ ಅಂದ್ರ ಮನಿಗೊಂದ ತಾರೀಖ ಹೇಳ್ತಾಳ."

"ಗುಳಗಿ ತಗೋತಾಳೇನು?"

"ಯಾರಿಗೆ ಗೊತ್ತಕ್ಕ. ನಿಮ್ಮ ದವಾಖಾನ್ಯಾಗ ಹೆಸರ ಹೊಡದಾರಂತ ಊರಾಗ ಮಾತು."

ಅವಳು ಏರುತ್ತಿದ್ದಳು. ಏರಿದವಳು ಇಳಿಯುತ್ತಾಳೆ. ಇಳಿದಾಗ, ತನ್ನಿಂದಲೇ ಮುರಿದ ಲಗ್ನಕ್ಕೆ ತಾನೇ ಊರನ್ನೆಲ್ಲ ಕರೆದದ್ದು ಅವಳಿಗೆ ನೆನಪಾಗುತ್ತದೆ. ಅವಳ ಚಿಕ್ಕಪ್ಪನ ಕಾಲುವೆ ಮನೆಯಿಂದ ಬಹಳ ದೂರ ಇಲ್ಲ.

ಅದು ಸೋಮವಾರ. ಆ ದಿನ ಸಂಜೆಯೇ ನಾಲ್ಕೂ ದೇಶಗಳ ಸಭೆ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಎಲ್ಲ ಕೇಂದ್ರದವರ ಮುಖಗಳು, ಅವುಗಳ ನಡುವೆ ನಮ್ಮ ಕೆಂಪು ಕೂದಲಿನ ಬಾಯಾರು. ಇಲ್ಲಿ ಸಾಹೇಬರು, ಮೇಘಾ, ನಾಲ್ಕೈದು ಮಂದಿ. ನಾನು ಚಹಾ ಕೊಡುವವಳು. ಚಿಕ್ಕೋಡಿಯ ಕೆಲಸವನ್ನು ಎಲ್ಲರೂ ಹೊಗಳಿದರು. ಆಮೇಲೆ ಮೇಘಾ ಪರದೆ ನೋಡಿ ಓದುತ್ತ ಹೋದಳು. ನಮ್ಮ ಕಡೆಯವರಿಗಾಗಿ ಕನ್ನಡದಲ್ಲೂ ಹೇಳುತ್ತಿದ್ದಳು. "ಏಕಸಂಬಿಯ ಒಂದು ಕುಟುಂಬ ಸ್ವಂತ ಇಚ್ಛೆಯಿಂದ ಹೊರಹೋಗಿದೆ," ಎಂದಳು.

ನಾನು ಕಿಟ್ಲಿ ಕೆಳಗಿಟ್ಟೆ. "ಹೋಗಿಲ್ಲ. ನಾವು ಹೊರಗ ಹಾಕೀವಿ."

"ಬಾಳವ್ವ, ಆಮ್ಯಾಲ ಮಾತಾಡೂಣು," ಎಂದರು ಸಾಹೇಬರು.

"ಆಮ್ಯಾಲ ಅಂದ್ರ ಯಾವಾಗ್ರಿ? ಗಡಿಯಾರ ಮಿಸುಗಲಿಲ್ಲಂತ ರಾಯಬಾಗಕ್ಕ ಜೀಪ ಓಡಿಸಿದ್ರಿ. ಇಲ್ಲಿ ಒಬ್ಬಾಕಿ ಗುಳಗಿ ಇಲ್ಲದ ಊರ ತುಂಬ ತಿರುಗಾಕತ್ತಾಳ. ಆಕಿಗೆ ನಿಯಮಾ ಓದಿ ಹೇಳ್ತೀರಿ. ಆಕಿ ರಕ್ತ ನಿಮ್ಮ ಪೆಟಿಗ್ಯಾಗ ಇರೂತನಕ ಆಕಿ ಅಮೂಲ್ಯ ಆಗಿದ್ಳು."

ಪರದೆಯಲ್ಲಿದ್ದ ಬಾಯಾರು ಏನದು ಎಂದು ಕೇಳಿದರು. ಮೇಘಾ ಒಂದು ಗಳಿಗೆ ಸಾಹೇಬರ ಮುಖ ನೋಡಿದಳು. ಆಮೇಲೆ ನಾನು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಸಾಹೇಬರ ಮುಖ ಕೆಂಪಾದ್ದನ್ನು ನೋಡಿದರೆ ಏನನ್ನೂ ಬಿಟ್ಟಿರಲಿಲ್ಲ. ಅದಕ್ಕೆ ಆ ಹುಡುಗಿಯನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ.

ಬಾಯಾರು ಮಾತಾಡಿದರು, ಮೇಘಾ ಅದನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಒಲ್ಲೆ ಎಂದವರ ಬೆನ್ನು ಹತ್ತಿ ಕಾಡಿದವರು ಹಿಂದೆ ಇದ್ದರಂತೆ, ಅದಕ್ಕೇ ಆ ನಿಯಮ ಬಂತಂತೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ತಮ್ಮ ದೇಶದಲ್ಲಿ ಅಭ್ಯಾಸದಿಂದ ಹೊರಗೆ ಹೋದವರಿಗೂ ಅದೇ ದವಾಖಾನೆ, ಅದೇ ಡಾಕ್ಟರು, ಅದೇ ಗುಳಿಗೆ ಇರುತ್ತದೆ ಎಂದರು. ಚಿಕಿತ್ಸೆ ನಿಲ್ಲಿಸಿರಿ ಎಂದು ನಾವು ಎಲ್ಲೂ ಹೇಳಿಲ್ಲವಲ್ಲ, ಚಿಕ್ಕೋಡಿಯಲ್ಲಿ ಯಾಕೆ ನಿಂತಿತು ಎಂದು ಕೇಳಿದರು.

ಎಲ್ಲರೂ ಸಾಹೇಬರ ಕಡೆ ನೋಡಿದರು. ಸಾಹೇಬರು ಚಹಾದ ಕಪ್ಪಿನೊಳಗೆ ನೋಡಿದರು. ಗುಳಿಗೆ ಕಿಟಕಿ ಮುಚ್ಚಿಸಿದವರು ಅವರು. ವರ್ಷಗಟ್ಟಲೆ ಲೆಕ್ಕ ತರಿಸಿಕೊಂಡು, ಗುಳಿಗೆ ಎಲ್ಲಿಂದ ಹೋಗುತ್ತಿದೆಯೆಂದು ಒಂದು ಮಾತು ಕೇಳದವರು ಆ ದೇಶಗಳವರು. ನನ್ನ ಸಿಟ್ಟಿನಲ್ಲಿ ಇಬ್ಬರಿಗೂ ಪಾಲಿದೆ.

"ಮುಂದಿನ ಸಮಿತಿ ಸಭಾಕ್ಕ ಈ ವಿಷಯ ಇಡೋಣು," ಎಂದರು ಸಾಹೇಬರು. "ಅಲ್ಲಿತನಕ ಪ್ರಾಜೆಕ್ಟಿನವ್ರು ಯಾರೂ ಆ ಮನಿಗೆ ಹೋಗೂದು ಬ್ಯಾಡ." ಪರದೆಯವರಿಗೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು.

ಪ್ರಾಜೆಕ್ಟಿನ ಆ ಸಮಿತಿ ಸೇರುವುದು ಮೂರು ತಿಂಗಳಿಗೊಮ್ಮೆ. ಪರದೆಯಲ್ಲಿದ್ದ ಯಾರೂ ಅಲ್ಲ ಎನ್ನಲಿಲ್ಲ. ಬಾಯಾರು ಮಾತ್ರ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಬೇರೆ ದೇಶದವರು ತಮ್ಮ ಲೆಕ್ಕ ಓದತೊಡಗಿದರು. ನಾನು ಕಪ್ಪುಗಳನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟೆ.

ಈಗ ಆ ದವಾಖಾನೆಯಲ್ಲಿ ಗುಳಿಗೆ ಕಿಟಕಿಯನ್ನು ಮತ್ತೆ ಬೇರೆ ಮಾಡಿದ್ದಾರಂತೆ. ಮಾಡಲಿ. ನೀವು ಎಲ್ಲಿಯೇ ಕೆಲಸಕ್ಕೆ ಸೇರಿ, ಮೊದಲ ದಿನವೇ ಒಂದು ಮಾತು ಕೇಳಿರಿ. ಒಬ್ಬರು ನಾಳೆ ಈ ಅಭ್ಯಾಸ ಸಾಕು ಎಂದು ಎದ್ದು ಹೋದರೆ, ನಾಡಿದ್ದು ಅವರಿಗೆ ಗುಳಿಗೆ ಕೊಡುವವರು ಯಾರು? ಉತ್ತರಕ್ಕೆ ತಡವರಿಸಿದರೆ ಅವರ ಕಾರ್ಡನ್ನು ಕೊರಳಿಗೆ ಹಾಕಿಕೊಳ್ಳಬೇಡಿರಿ.

ಆ ಸಭೆಯ ಮರುದಿನ ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆಯುವ ಹೊತ್ತಿಗೆ ಹೋದೆ. ಕೊರಳಿನ ಪ್ರಾಜೆಕ್ಟ್ ಕಾರ್ಡು ತೆಗೆದು ಮೊಳೆಗೆ ತೂಗುಹಾಕಿದೆ. "ನಾ ಇನ್ನ ಪ್ರಾಜೆಕ್ಟಿನಾಕಿ ಅಲ್ಲ, ಸಾಹೇಬ್ರಿಗೆ ಹೇಳು," ಎಂದು ಮೇಘಾಳಿಗೆ ಹೇಳಿ ಏಕಸಂಬಿಯ ಬಸ್ಸು ಹಿಡಿದೆ.

ಅಪ್ಪಾಸಾಹೇಬ ಬಾಗಿಲಲ್ಲೇ ಇದ್ದ. "ಮತ್ತ ಯಾರ ರಕ್ತ ಬೇಕಾಗೈತಿ?" ಎಂದ.

"ಯಾರ್ದೂ ಬ್ಯಾಡ. ಕೆಲಸಾ ಬಿಟ್ಟ ಬಂದೀನಿ. ಇವತ್ತ ಮಂಗಳವಾರ, ಚಿಕ್ಕೋಡಿ ಸರ್ಕಾರಿ ದವಾಖಾನಿಗೆ ಮನೋರೋಗದ ಡಾಕ್ಟರ್ ಬರ್ತಾರ. ಅಲ್ಲೂ ಈ ಗುಳಗಿ ಬರದು ಕೊಡ್ತಾರ. ಸುನಂದಾನ್ನ ಕರ್ಕೊಂಡ ನಡಿ."

ಅವನು ಬೈದ. ನನ್ನನ್ನು, ದವಾಖಾನೆಯನ್ನು, ಕೆಂಪು ಕೂದಲಿನ ಬಾಯಾರನ್ನು, ನಾಲ್ಕೂ ದೇಶಗಳನ್ನು ಬೈದ. ನಾನು ಕಟ್ಟೆಯ ಮೇಲೆ ಕೂತು ಕೇಳಿದೆ. ಶೈಲಾ ನೀರು ತಂದಿಟ್ಟಳು, ಕುಡಿದೆ.

"ಇನ್ನೂ ಬೈಯೂದಿದ್ರ ಬೈ. ಎಲ್ಲಾ ಖರೇನ ಐತಿ," ಎಂದೆ. "ಮುಗದ ಮ್ಯಾಲ ಗಾಡಿ ತಗಿ."

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ತಂಗಿ ಮಲಗಿ ಎಷ್ಟು ದಿನವಾಯಿತೋ ತನಗೇ ಗೊತ್ತಿಲ್ಲ ಎಂದ. ಎದ್ದು ಹೋಗಿ ಮೋಟರ್ ಸೈಕಲ್ ತೆಗೆದ.

ಸುನಂದಾ ಹಸಿರು ಸೀರೆ ಉಟ್ಟು, ಅಕ್ಷತೆಯ ತಾಟು ಹಿಡಿದು ಹೊರಗೆ ಬಂದಳು. ಕಣ್ಣು ಕೆಂಡವಾಗಿದ್ದವು. "ಬಾಳಕ್ಕಾ, ಲಗ್ನಕ್ಕ ತಪ್ಪದ ಬರಬೇಕ," ಎಂದು ನನ್ನ ಕೈ ತುಂಬ ಅಕ್ಷತೆ ಹಾಕಿದಳು.

"ಲಗ್ನ ಗೊತ್ತಾದ ದಿನಾ ಬರ್ತೀನಿ. ಇವತ್ತ ನೀ ನನ್ನ ಜೋಡಿ ಚಿಕ್ಕೋಡಿಗೆ ಬಾ."

ಅಣ್ಣ ಮುಂದೆ, ಅವಳು ನಡುವೆ, ನಾನು ಹಿಂದೆ. ಅವಳ ನಡುವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ತಾಟನ್ನು ಮಾತ್ರ ಅವಳು ಬಿಡಲಿಲ್ಲ. ದಾರಿಯುದ್ದಕ್ಕೂ ಎದುರು ಬಂದವರಿಗೆಲ್ಲ, ಕಬ್ಬಿನ ಗಾಡಿಯವರಿಗೆ, ಕುರಿ ಕಾಯುವವರಿಗೆ, ಬಸ್ಸಿಗೆ ಕಾಯುತ್ತ ನಿಂತವರಿಗೆ ಅಕ್ಷತೆ ತೂರಿ, ನಮ್ಮ ಪಲ್ಲವಿ ಲಗ್ನಕ್ಕೆ ಬರ್ರಿ ಎಂದು ಕೂಗಿದಳು. ಯಾರೂ ಒಲ್ಲೆ ಎನ್ನಲಿಲ್ಲ. ಎಲ್ಲರೂ ಬರ್ತೀವಿ ಎಂದರು.